ಮಾವ ಕಾಣಲೇ ಇಲ್ಲ

ಹನಗೋಡಿನ ವಸಂತ್ ಓಡಿಸುತ್ತಿದ್ದ ಸ್ಕೂಲ್ ವ್ಯಾನು ಅವನ ಮಾವ ಚಿಕ್ಕಮಾದಯ್ಯನವರದು. ಮೊದಲು ತಾವೇ ಓಡಿಸುತ್ತಿದ್ದ ಮಾವ, ಮಂಡಿ ನೋವೆಂದು ಈಗ ಬೆಳಿಗ್ಗೆ ಜಗಲಿ ಮೇಲೆ ಕೂರುತ್ತಿದ್ದರು. ಅಳಿಯನಾದವನು ಅವರ ಮುಂದೆ ಗಾಡಿ ನಿಲ್ಲಿಸಿ, ಇಳಿದು, ಕೈಮುಗಿದು ಹೋಗಬೇಕು. ಇಳಿದರೆ ಮುಗಿಯಿತು, ಮಂಡಿ ನೋವಿನ ಕತೆ ಕೇಳುವಷ್ಟರಲ್ಲಿ ಸ್ಕೂಲಿನಲ್ಲಿ ಪ್ರಾರ್ಥನೆ ಆಗಿಹೋಗಿರುತ್ತಿತ್ತು. ಹಾಗಾಗಿ ವಸಂತ್ ಒಂದು ತಿಂಗಳಿಂದ ಮೂಗಿನ ನೇರಕ್ಕೆ ನೋಡಿಕೊಂಡು ಹೋಗಿಬಿಡುತ್ತಿದ್ದ.

ಸೋಮವಾರ ಮಾವ ಕೋಲು ಅಡ್ಡ ಹಿಡಿದು ವ್ಯಾನು ನಿಲ್ಲಿಸಿದರು. "ಏನಪ್ಪಾ, ನಾನೇನು ಕಲ್ಲುಕಂಬವಾ? ಮಾವ ಅನ್ನೋ ಮರ್ವಾದೆ ಬ್ಯಾಡ್ವಾ?"

ಹಿಂದಿನ ವಾರ ಸ್ಕೂಲಿಗೆ ಬಂದಿದ್ದ ಕಣ್ಣಿನ ಡಾಕ್ಟರ ಮಾತು ವಸಂತನಿಗೆ ಥಟ್ಟನೆ ನೆನಪಾಯಿತು. "ಮಕ್ಳಿಗೆ ಎದುರುಗಡೇದು ಕಂಡಂಗೆ ಪಕ್ಕದ್ದು ಗೊತ್ತಾಗಕ್ಕಿಲ್ವಂತೆ ಮಾವ. ಬೆಳೀತಾ ಬೆಳೀತಾ ನೋಟ ಅಗಲ ಆಯ್ತದಂತೆ. ನಂಗೆ ಚಿಕ್ಕುಡುಗನ ನೋಟಾನೇ ಉಳ್ಕಬುಟ್ಟದೆ. ನೀವು ಕಾಣ್ನೇ ಇಲ್ಲ, ನಿಮ್ಮಾಣೆ!"

"ಅಯ್ಯೋ ಪಾಪ" ಎಂದು ಮಾವ ಮೆತ್ತಗಾಗಿ ಮತ್ತೆ ಜಗಲಿಗೆ ಹೋಗಿ ಕೂತರು. ಆದರೆ ಅಲ್ಲೇ ತನ್ನ ಮಗಳನ್ನು ವ್ಯಾನಿಗೆ ಹತ್ತಿಸುತ್ತಿದ್ದ ಅದೇ ಬೀದಿಯ ರೂಪಶ್ರೀಗೂ ಈ ಮಾತು ಕೇಳಿಸಿತು.

"ಪಕ್ಕದ್ದು ಕಾಣದವ್ನ ಕೈಗಾ ನಮ್ಮಕ್ಳನ್ನ ಕೊಡದು? ಹಸ ಗಿಸ ಅಡ್ಡ ಬಂದ್ರೆ?" ಎಂದು ಬ್ಯಾಗಿನ ಸಮೇತ ಮಗಳನ್ನು ಇಳಿಸಿದಳು. ಉಳಿದ ಮಕ್ಕಳೂ ಖುಷಿಯಿಂದ ಇಳಿದವು.

ವಸಂತ್ ವ್ಯಾನಿನಿಂದ ಕೆಳಗೆ ಹಾರಿದ. ಈ ವ್ಯಾನು ಬಿಟ್ಟರೆ ಅವನಿಗೆ ಬೇರೆ ಕೆಲಸವಿರಲಿಲ್ಲ. "ಬೇಕಾದ್ರೆ ಟೆಸ್ಟ್ ಮಾಡ್ರಕ್ಕಾ!" ಎಂದು ಅಂಗಲಾಚಿದ.

ಎದುರುಮನೆಯ ಅಜ್ಜಿ ಪುಟ್ಟಮಲ್ಲಮ್ಮ ಮುದ್ದೆ ಕೋಲು ಹಿಡಿದು ಬಂದೇಬಿಟ್ಟಳು. ವಸಂತ್ ಲೈಟುಕಂಬವನ್ನೇ ದಿಟ್ಟಿಸುತ್ತ ನಿಂತ. ಅಜ್ಜಿ ಕೋಲನ್ನು ಅವನ ಕಿವಿಯ ಹಿಂದಿನಿಂದ ಮೆಲ್ಲಗೆ ಮುಂದಕ್ಕೆ ತಂದಳು.

"ಕಾಣ್ತು!" ಎಂದ ವಸಂತ್. "ಎಡಕ್ಕೆ ಕೋಳಿ ಓಡ್ತು. ಬಲಕ್ಕೆ ಹಸ ಬಾಲ ಆಡಿಸ್ತು."

"ಭೇಷ್ ಕಣ್ಲಾ! ಇನ್ನೇನು ಕಾಣ್ತದೆ?"

ಗೆದ್ದ ಹುರುಪಿನಲ್ಲಿ ವಸಂತ್ ಕಂಬದಿಂದ ಕಣ್ಣು ಕೀಳದೆ ಹೇಳಿದ: "ಜಗಲಿ ಮ್ಯಾಲೆ ಮಾವ ಎಲೆ ಅಡಿಕೆ ಬಾಯ್ಗೆ ಹಾಕ್ಕತಾವ್ರೆ. ದಿನಾ ಇದೇ ಹೊತ್ಗೇ ಹಾಕ್ಕಳದು!"

ಎಲ್ಲರೂ ಚಪ್ಪಾಳೆ ತಟ್ಟಿದರು. ರೂಪಶ್ರೀ ಮಗಳನ್ನು ಮತ್ತೆ ಹತ್ತಿಸಿದಳು. ಮಾವ ಮಾತ್ರ ಅಗಿಯುವುದನ್ನು ನಿಲ್ಲಿಸಿದರು.

"ದಿನಾ?" ಎಂದು ಎದ್ದುಬಂದು ಕೈ ಚಾಚಿದರು. "ಕೀ ಕೊಡು."

ಸಂಜೆ ವಸಂತ್ ಅದೇ ಜಗಲಿಯ ಮುಂದೆ ಕೈಮುಗಿದು ನಿಂತಿದ್ದ. ವ್ಯಾನು ಬಂತು. ಮಂಡಿ ನೋವನ್ನು ಮರೆತು ಸ್ಟೇರಿಂಗ್ ಹಿಡಿದಿದ್ದ ಮಾವ ನೆಟ್ಟಗೆ ಮುಂದೆ ನೋಡುತ್ತಿದ್ದರು.

"ಮಾವಾ, ತಪ್ಪಾಯ್ತು, ಒಸಿ ನಿಲ್ಸಿ!"

"ಯಾರಪ್ಪಾ ಅದು ಕೂಗದು? ನಂಗೂ ಪಕ್ಕದ್ದು ಕಾಣಕ್ಕಿಲ್ಲ!" ಎಂದು ಹಾರ್ನ್ ಹೊಡೆದು ಚಿಕ್ಕಮಾದಯ್ಯ ಮುಂದಕ್ಕೆ ಹೋದರು.