ಎಡಗೈ ಇಳಿಬಿಟ್ಟ ಗರ್ಬಾ

ದುಬೈಯಲ್ಲಿ ಕಳ್ಳತನ ಇಲ್ಲ ಅಂತ ಊರಿನವರಿಗೆ ಹೇಳಿ ಹೇಳಿ ನನ್ನ ಮಗಳ ಬಾಯಿ ಒಣಗಿದೆ. ಚಿನ್ನ ಕದಿಯುವುದಿಲ್ಲ, ಸರಿ. ನವರಾತ್ರಿ ಹತ್ತಿರ ಬಂದರೆ ಕುಣಿತ ಕದಿಯುತ್ತಾರಲ್ಲ, ಅದಕ್ಕೆ ಯಾವ ಪೊಲೀಸು? ಅಲ್ ಮುರಕ್ಕಬಾತ್ ಏರಿಯಾದಲ್ಲಿರುವ ಮಗಳ ಫ್ಲ್ಯಾಟಿನಲ್ಲಿ ಬಾಗಿಲ ಸಂದಿಯಿಂದ ನಾನು ನೋಡಿದ್ದೇ ಇಷ್ಟುಂಟು. ಬಾಗಿಲು ಪೂರ್ತಿ ತೆಗೆದಿದ್ದರೆ ಎಷ್ಟಿತ್ತೋ!

ಪಾತ್ರೆಯಲ್ಲಿ ಫೋನು

ಎದುರು ಫ್ಲ್ಯಾಟಿನವಳು ಗುಜರಾತಿ, ಗರ್ಬಾ ಟೀಚರು. ವರ್ಷ ವರ್ಷ ಹೊಸ ಹೆಜ್ಜೆ ಕಟ್ಟುವುದು ಇವಳು, ಅದನ್ನೇ ಕುಣಿದು ಬಹುಮಾನ ಹೊಡೆಯುವುದು ಬೇರೆ ಕ್ಲಾಸಿನವರು. ಕಾಂಪಿಟೀಷನ್ನಿನಲ್ಲಿ ಸ್ವಂತ ಕಲ್ಪನೆಗೇ ಒಂದು ಬಹುಮಾನ ಉಂಟು. "ಒಂದು ಸಲವಾದರೂ ಸ್ಟೇಜ್ ಮೇಲೆ ನಿಂತು ಇದು ನನ್ನದು ಅನ್ನಬೇಕು ಮಾಸಿ, ಸಾಯುವ ಮೊದಲು" ಅಂತಿದ್ದಳು.

ಹಾಗಾಗಿ ಕಳೆದ ವರ್ಷ ಬಿಲ್ಡಿಂಗಿನ ಕೆಳಗೆ ಪಾರ್ಕಿಂಗಿನಲ್ಲಿ ಸುತ್ತ ಬೆಡ್‌ಶೀಟ್ ಕಟ್ಟಿ ಪ್ರಾಕ್ಟೀಸು. ಬಂದವರ ಫೋನೆಲ್ಲ ನನ್ನ ಇಡ್ಲಿ ಪಾತ್ರೆಯೊಳಗೆ, ಮುಚ್ಚಳದ ಮೇಲೆ ನನ್ನ ಕೈ. ಪಾತ್ರೆಯೊಳಗೆ ಒಂದು ಫೋನು ಬಡಕೊಂಡಿತು.

"ಆಂಟಿ, ನನ್ನ ಗಂಡ!" ಅಂತ ಒಬ್ಬ ಹುಡುಗಿಯ ತಾಯಿ ಓಡಿ ಬಂದಳು.

"ಗಂಡ ಎಲ್ಲಿಗೂ ಹೋಗುವುದಿಲ್ಲ ಮಾರಾಯ್ತಿ. ಹೆಜ್ಜೆ ಹೋದರೆ ತಿರುಗಿ ಬರುವುದಿಲ್ಲ" ಅಂದೆ.

ಅಷ್ಟು ಕಾದೆ. ಕದ್ದದ್ದು ಯಾರು? ಟೀಚರ್ರು ಎಲ್ಲರಿಗಿಂತ ಮೊದಲು ಮನೆಗೆ ಕರೆದು ಇಡೀ ಕುಣಿತ ಕುಣಿದು ತೋರಿಸಿದ್ದ ಅವಳ ಮುದ್ದಿನ ಶಿಷ್ಯೆ. ವಾರ ಕಳೆಯುವುದರೊಳಗೆ ಅಬುಧಾಬಿಗೆ ಹೋಗಿ ರೀಮ್ ಐಲ್ಯಾಂಡಿನಲ್ಲಿ ಸ್ವಂತ ಕ್ಲಾಸು ತೆಗೆದಳು. ಫೋನನ್ನು ಪಾತ್ರೆಗೆ ಹಾಕಿಸಬಹುದು, ಕಣ್ಣು ಕಿತ್ತು ಹಾಕಿಸಲಿಕ್ಕಾಗುತ್ತದಾ?

ಅಹಮದಾಬಾದಿನ ಮದುವೆ

ಇನ್ನೊಂದು ಗುಟ್ಟು. ಆ ಕುಣಿತ ಕಟ್ಟುವ ಮೊದಲು ಟೀಚರ್ರು ಅಹಮದಾಬಾದಿಗೆ ತಂಗಿಯ ಮದುವೆಗೆ ಹೋಗಿದ್ದಾಳೆ ಅಂತ ಬಿಲ್ಡಿಂಗಿಡೀ ಸುದ್ದಿ. ಮದುವೆಯೂ ಇಲ್ಲ, ದಿಬ್ಬಣವೂ ಇಲ್ಲ. ಅವಳು ಇಲ್ಲೇ ಆಸ್ಪತ್ರೆಯಲ್ಲಿದ್ದಳು. ಕ್ಯಾನ್ಸರು, ಎಡಗಡೆಯ ಮೊಲೆ ತೆಗೆದರು. ಗಂಜಿ ತಕೊಂಡು ಹೋಗುತ್ತಿದ್ದವಳು ನಾನು. ಗೊತ್ತಾದರೆ ತಾಯಂದಿರು ಮಕ್ಕಳನ್ನು ಬಿಡಿಸಿಬಿಡುತ್ತಾರೆ ಅಂತ ಅವಳಿಗೆ ಹೆದರಿಕೆ. ಜೀವಮಾನದಲ್ಲಿ ನಾನು ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ. ಮೂರನೇ ಮಾಳಿಗೆಯ ಕೊಂಕಣಿ ಬಾಯಿಯಂತೂ, "ಮದುವೆ ಊಟಕ್ಕೆ ಯಾರಾದರೂ ಇಷ್ಟು ಸಣ್ಣ ಆಗ್ತಾರಾ? ಯಾವ ಡಯಟ್ ಅಂತ ಕೇಳಿ ಹೇಳಿ" ಅಂತ ನನ್ನ ಜೀವ ತಿಂದಳು.

ಭೂಮಿಗೊಂದು ಕೈ

ಕಾಂಪಿಟೀಷನ್ ಅಬುಧಾಬಿಯಲ್ಲಿ. ಚೀಟಿ ಎತ್ತುವಾಗ ಶಿಷ್ಯೆಯ ಟೀಮಿಗೇ ಮೊದಲ ಸರದಿ ಬಂತು. ಕುಣಿತ ಶುರುವಾಯಿತು, ಹೆಜ್ಜೆಗೆ ಹೆಜ್ಜೆ ನಮ್ಮದೇ. ಆದರೆ ಹುಡುಗಿಯರೆಲ್ಲರ ಬಲಗೈ ಮೇಲೆ, ಎಡಗೈ ಸೊಂಟದ ಹತ್ತಿರ ಇಳಿಬಿದ್ದಿದೆ. ಆಪರೇಷನ್ನಿನ ಮೇಲೆ ಟೀಚರ್ರಿಗೆ ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನಮ್ಮ ಹುಡುಗಿಯರಿಗೆ "ನೀವು ಎರಡೂ ಕೈ ಎತ್ತಿ" ಅಂತ ಹೇಳಿ ಕಲಿಸಿದ್ದಳು. ಆ ಮಾತು ಬರುವ ಮೊದಲೇ ಕಳ್ಳಿ ಓಡಿದ್ದಳು ನೋಡಿ, ನೋವನ್ನೂ ಸ್ಟೆಪ್ಪು ಅಂತ ಕಟ್ಟಿಕೊಂಡು ಹೋಗಿದ್ದಾಳೆ!

ಜಡ್ಜು ಮೈಕ್ ಹಿಡಿದು ಹೊಗಳಿದ್ದೇ ಹೊಗಳಿದ್ದು. ಮಗಳು ನನ್ನ ಕಿವಿಯಲ್ಲಿ ಹೇಳಿದಳು, "ಒಂದು ಕೈ ಆಕಾಶಕ್ಕೆ, ಒಂದು ಕೈ ಭೂಮಿತಾಯಿಗೆ, ಇಂಥಾ ಕಲ್ಪನೆ ನೋಡೇ ಇಲ್ಲ ಅಂತಿದ್ದಾರೆ ಅಮ್ಮ." ಆಮೇಲೆ ನಮ್ಮವರು ಕುಣಿದರು. "ಇದು ಮೊದಲಿನ ಟೀಮಿನ ನಕಲು. ಅದೂ ಎಡಗೈಯ ಅರ್ಥ ತಿಳಿಯದೆ ಮಾಡಿದ ನಕಲು" ಅಂದ ಆ ಪುಣ್ಯಾತ್ಮ. ಸ್ವಂತ ಕಲ್ಪನೆಯ ಬಹುಮಾನ ಶಿಷ್ಯೆಗೆ!

"ಎದ್ದು ಹೇಳು ಮಾರಾಯ್ತಿ!" ಅಂತ ನಾನು ಟೀಚರ್ರ ಸೆರಗು ಜಗ್ಗಿದೆ.

"ಎಂತ ಹೇಳಲಿ ಮಾಸಿ? ಸಾಕ್ಷಿಗೆ ರವಿಕೆ ಬಿಚ್ಚಿ ತೋರಿಸಲಾ?" ಅಂದಳು. ನಗಬೇಕೋ ಅಳಬೇಕೋ ಗೊತ್ತಾಗದೆ ಇಬ್ಬರೂ ಸಮೋಸ ತಿಂದೆವು.

ಈ ವರ್ಷದ ಹೊಸತು

ಈ ವರ್ಷ ಕಾಯಿಲೆ ತಿರುಗಿ ಬಂತು. ಕ್ಲಾಸು ಖಲಾಸ್. ಈ ಸಲ ಅಡಗಿಸಲಿಕ್ಕೂ ಆಗಲಿಲ್ಲ, ಸುದ್ದಿ ಅಬುಧಾಬಿವರೆಗೂ ಮುಟ್ಟಿತು. ಮೊನ್ನೆ ಆ ಶಿಷ್ಯೆ ಖರ್ಜೂರದ ಡಬ್ಬಿ ಹಿಡಿದು ಬಂದೇಬಂದಳು. ಸೊಂಟದ ಕೆಳಗೆ ಇಳಿಯುವ ಕೂದಲು, ಬಿಚ್ಚಿಬಿಟ್ಟು ಬಂದಿದ್ದಾಳೆ. ಟೀಚರ್ರು ತಲೆಗೆ ದುಪಟ್ಟಾ ಸುತ್ತಿಕೊಂಡು ಸೋಫಾದಲ್ಲಿ ಒರಗಿದ್ದಳು. ನಾನು ಚಹಾ ಮಾಡುವ ನೆವದಲ್ಲಿ ಅಡಿಗೆಮನೆಯ ಬಾಗಿಲಲ್ಲೇ ನಿಂತೆ.

ಶಿಷ್ಯೆ ಅತ್ತಳು, ಕಣ್ಣೊರೆಸಿದಳು, ಕೊನೆಗೆ ಬಾಯಿಬಿಟ್ಟಳು. "ದೀದಿ, ಹೀಗಿರುವಾಗ ಕೇಳಬಾರದು. ಈ ವರ್ಷಕ್ಕೆ ಅಂತ ಏನಾದರೂ ಯೋಚಿಸಿದ್ದಿರಾ? ನಿಮ್ಮ ಕಲೆ ವ್ಯರ್ಥ ಆಗಬಾರದಲ್ಲ."

"ಯೋಚಿಸಿದ್ದೇನೆ. ಯಾವ ಟೀಮೂ ಇದುವರೆಗೆ ಮಾಡಿಲ್ಲ" ಅಂದಳು ಟೀಚರ್ರು.

ಶಿಷ್ಯೆಯ ಕಣ್ಣು ಬೆಳಗಿತು. ಬ್ಯಾಗಿನಿಂದ ಫೋನು ಅರ್ಧ ಹೊರಗೆ ಬಂತು.

ಟೀಚರ್ರು ನಿಧಾನಕ್ಕೆ ದುಪಟ್ಟಾ ಬಿಚ್ಚಿದಳು. ಕೀಮೋ ಮುಗಿಸಿದ ತಲೆ, ಒಂದು ಎಳೆ ಕೂದಲಿಲ್ಲ.

"ವಿಡಿಯೋ ಮಾಡಿಕೋ ಮಗಳೇ. ಇಡೀ ಟೀಮಿಗೆ ಕಲಿಸು, ಫಸ್ಟ್ ಪ್ರೈಜ್ ಗ್ಯಾರಂಟಿ. ಹುಬ್ಬು ಮರೆಯಬೇಡ, ಅದೂ ಹೋಗಬೇಕು."