ಮೆಣಸಿನ ಜೊತೆ ಒಣಗಿದ ಮದರ್‌ಬೋರ್ಡು

ಆಗ ನನಗೆ ಐವತ್ತೆಂಟು. ಈಗ್ಗೆ ಹದಿನೆಂಟು ವರ್ಷದ ಹಿಂದಿನ ಮಾತು. ಬೇರೆ ಯಾರಾದರೂ ತಿಂದು ತೋರಿಸುವ ಮೊದಲು ನನ್ನ ಮೈದುನ ಊಟದ ಒಂದು ತುತ್ತನ್ನು ತಾನೇ ಬಾಯಿಗೆ ಹಾಕಿಕೊಂಡದ್ದು ಇಡೀ ಜೀವಮಾನದಲ್ಲಿ ಅದೇ ಮೊದಲ ಸಲ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕಾಗಿ ಒಂದು ಕಂಪ್ಯೂಟರ್ ಸುಟ್ಟುಹೋಗಬೇಕಾಯಿತು!

ನಾನು ಮದುವೆಯಾಗಿ ಆಲ್ದೂರಿನ ಈ ಮನೆಗೆ ಬಂದಾಗ ಅವನಿಗೆ ಎಂಟು ವರ್ಷ. ಊಟಕ್ಕೆ ಕೂತರೆ ಅವನ ತಟ್ಟೆಯ ಮೊದಲ ತುತ್ತನ್ನು ನನ್ನ ಅತ್ತೆ ತಿನ್ನಬೇಕು. ನುಂಗಿ, ಬಾಯಿ ಆ ಎಂದು ತೆರೆದು ತೋರಿಸಬೇಕು. ಆಮೇಲೆಯೇ ಅವನು ಅನ್ನಕ್ಕೆ ಕೈ ಹಾಕುವುದು. ಎಂದೋ ಒಮ್ಮೆ ಬೆಲ್ಲದ ಉಂಡೆಯೊಳಗೆ ಜಂತುಹುಳದ ಔಷಧಿ ಇಟ್ಟು ನುಂಗಿಸಿದ್ದರಂತೆ. ಅಷ್ಟಕ್ಕೇ! ಬೇರೆ ಮಕ್ಕಳಾದರೆ ಎರಡು ದಿನ ಅತ್ತು ಮರೆಯುತ್ತವೆ. ಇವನು ಮರೆಯುವ ಜಾತಿಯಲ್ಲ.

ದೊಡ್ಡವನಾದ ಮೇಲೆ ಕಾಫಿ, ಮೆಣಸಿನ ವ್ಯಾಪಾರಕ್ಕೆ ಇಳಿದ. ಆ ಕಸುಬಿಗೆ ಅನುಮಾನ ಬೇಕೇ ಬೇಕು ಅನ್ನಿ. ಮೂಟೆಯ ಬಾಯಲ್ಲಿ ಒಣಗಿದ ಮಾಲು, ಹೊಟ್ಟೆಯಲ್ಲಿ ಹಸಿ ಮಾಲು ತುಂಬಿ ತರುವವರಿದ್ದಾರೆ. ಇವನು ಮೂಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ನಡುವಿನ ಕಾಳು ತೆಗೆದು, ಹಲ್ಲಲ್ಲಿ ಕಡಿದು, "ತೇವ ಇದೆ" ಎನ್ನುತ್ತಿದ್ದ. ಮೂಟೆಗೆ ಅದು ಸರಿ. ಆದರೆ ಹೊಸ ಕೊಡೆಯನ್ನು ಅಂಗಡಿಯಲ್ಲೇ ಬಿಡಿಸಿ, ಒಂದು ಚೊಂಬು ನೀರು ಸುರಿದು ನೋಡುವವನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಹೆಣ್ಣು ನೋಡಲು ಹೋದ ಮನೆಯಲ್ಲಿ, "ಈ ಉಪ್ಪಿಟ್ಟು ಯಾರು ಮಾಡಿದ್ದು? ಒಲೆ ತೋರ್ಸಿ" ಎಂದಿದ್ದ. ಅವನಿಗೆ ಮದುವೆಯಾಗಲಿಲ್ಲ ಎಂದು ಬೇರೆ ಹೇಳಬೇಕೆ?

ನನ್ನ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಮೂವರು ಉಳಿದೆವು. ಅತ್ತೆ, ನಾನು, ಇವನು. ಅತ್ತೆಗೆ ಎಂಬತ್ತಾರು. ನೆನಪು ಪೂರ್ತಿ ಹೋಗಿತ್ತು. ನಾನು ಯಾರು, ಹೆತ್ತ ಮಗ ಯಾರು, ಒಂದೂ ತಿಳಿಯದು. ಮಗನ ತಟ್ಟೆಯ ಮೊದಲ ತುತ್ತು ತಿಂದು ತೋರಿಸುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಊಟಕ್ಕೆ ಅವರು ಬಾಯಿ ತೆರೆಯುತ್ತಿದ್ದುದು ಒಂದೇ ಉಪಾಯಕ್ಕೆ. ಸಂಸೆಯಲ್ಲಿದ್ದ ಅವರ ಅಕ್ಕ, ತೀರಿಕೊಳ್ಳುವ ಮೊದಲು, ಒಂದು ಮದುವೆಯ ಪಂಕ್ತಿಯಲ್ಲಿ ಇವರ ಪಕ್ಕ ಕೂತಿದ್ದರು. ಅದು ಮದುವೆಯ ವಿಡಿಯೋದಲ್ಲಿತ್ತು. ಅಕ್ಕ ಹೋಳಿಗೆ ಮುರಿದು, "ತಿನ್ನೇ, ನಾಚ್ಕೋಬೇಡ, ಯಾರೂ ನೋಡ್ತಿಲ್ಲ" ಎನ್ನುತ್ತಾರೆ. ಟೀವಿಯಲ್ಲಿ ಆ ಮಾತು ಬಂದ ಕೂಡಲೇ ಅತ್ತೆಯ ಬಾಯಿ ತೆರೆಯುತ್ತಿತ್ತು, ನಾನು ಚಮಚ ತೂರಿಸುತ್ತಿದ್ದೆ. ಒಂದು ಬಟ್ಟಲು ಗಂಜಿ ಮುಗಿಯಬೇಕಾದರೆ ಅಕ್ಕ ಹತ್ತು ಸಲ ಹೋಳಿಗೆ ಮುರಿಯಬೇಕು.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಹಾಳಾಯಿತು. ಪುಣ್ಯಕ್ಕೆ ಅಷ್ಟರೊಳಗೆ ಮೈದುನ ಅದನ್ನು ಕಂಪ್ಯೂಟರಿಗೆ ಇಳಿಸಿದ್ದ. ಆ ಕಂಪ್ಯೂಟರನ್ನು ಪುಸ್ತಕ ನೋಡಿಕೊಂಡು ಅವನೇ ಜೋಡಿಸಿದ್ದು, ಒಂದು ಹಳದಿ ವೈರಿನಲ್ಲಿ ಟೀವಿಗೆ ಕಟ್ಟಿಹಾಕಿದ್ದು. ಸಿನಿಮಾ, ಹಾಡು, ಅಕ್ಕ, ಎಲ್ಲ ಅದರ ಹೊಟ್ಟೆಯಲ್ಲಿ.

"ಒಂದು ಸೀಡಿ ಮಾಡ್ಸಿಡು ಮಾರಾಯ" ಎಂದಿದ್ದೆ.

"ಸೀಡಿ ಅಂಗಡಿಯವ್ರು ತಮಗೂ ಒಂದು ತೆಗ್ದಿಟ್ಕೋತಾರೆ ಅತ್ತಿಗೆ."

ಇಬ್ಬರು ಮುದುಕಿಯರು ಹೋಳಿಗೆ ತಿನ್ನುವುದನ್ನು ಕದ್ದು ಯಾರು ಏನು ಮಾಡುತ್ತಾರೆ, ನೀವೇ ಹೇಳಿ!

ಏಪ್ರಿಲ್ ತಿಂಗಳ ಒಂದು ಸಂಜೆ ಗುಡುಗು ಶುರುವಾಯಿತು. ಮೈದುನ ಓಡಿಹೋಗಿ ಕಂಪ್ಯೂಟರಿನ ಕರೆಂಟು ವೈರು ಕಿತ್ತ. ಇಂಟರ್ನೆಟ್ಟಿಗೆಂದು ಅದಕ್ಕೇ ಸಿಕ್ಕಿಸಿದ್ದ ಫೋನಿನ ವೈರು ಮಾತ್ರ ಕೀಳಲಿಲ್ಲ. ಯಾಕಂತೆ? ಅದನ್ನು ತೆಗೆದರೆ ಎಕ್ಸ್‌ಚೇಂಜಿನವರು, ಈ ಮನೆಯವರಿಗೆ ಫೋನು ಬೇಡವಾಯಿತು ಎಂದು ಲೈನನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರಂತೆ! ಸಿಡಿಲು ಅದೇ ವೈರು ಹಿಡಿದು ಒಳಗೆ ಬಂತು. ಪಟ್ ಎಂದಿತು, ಸುಟ್ಟ ವಾಸನೆ ಬಂತು. ಅಂದಿನಿಂದ ಅತ್ತೆಯ ಬಾಯಿ ಮುಚ್ಚಿತು.

ಊರಿನ ರಿಪೇರಿಯವರು ಬಂದು ನೋಡಿದರು. "ಮದರ್‌ಬೋರ್ಡ್ ಹೋಗಿದೆ. ವಿಡಿಯೋ ಇರೋ ಡಿಸ್ಕು ಚೆನ್ನಾಗಿದೆ. ಕೊಡಿ, ನಮ್ಮ ಕಂಪ್ಯೂಟರಿಗೆ ಹಾಕಿ ತೆಗ್ದುಕೊಡ್ತೀನಿ" ಎಂದರು. ಮೈದುನ ಆ ಡಿಸ್ಕನ್ನು ಬಿಚ್ಚಿ ಬನಿಯನ್ನಿನೊಳಗೆ ಇಟ್ಟುಕೊಂಡ. ಊಟಕ್ಕೂ ಅದರ ಜೊತೆ, ನಿದ್ದೆಗೂ ಅದರ ಜೊತೆ.

ಎರಡು ದಿನ ಅತ್ತೆ ಮೂರು ನಾಲ್ಕು ಚಮಚ ಮಜ್ಜಿಗೆ ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಮಾತ್ರೆ ಕೊಟ್ಟರೆ ಉಗುಳಿದರು. ಮೂರನೇ ದಿನ ಅವರನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಇವನನ್ನು ಎಬ್ಬಿಸಿಕೊಂಡು ನಾನೇ ಚಿಕ್ಕಮಗಳೂರಿನ ಬಸ್ಸು ಹತ್ತಿದೆ.

ಅಂಗಡಿಯವರು ಒಂದು ಡಬ್ಬ ಮುಂದಿಟ್ಟರು. "ಹೊಸಾ ಬೋರ್ಡು ಸಾರ್. ಸೀಲು ಒಡ್ದಿಲ್ಲ."

"ಮುಚ್ಚಿದ್ರೊಳಗೆ ಏನಿದ್ಯೋ ಯಾರಿಗ್ಗೊತ್ತು? ಒಡೀರಿ."

ಒಡೆದರು.

"ಈಗ ಇದು ಸೀಲು ಒಡ್ದ ಮಾಲಾಯ್ತಲ್ಲ!"

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಪಾಪ, ಅವರು ಒಳಗಿನಿಂದ ಇನ್ನೊಂದು ತಂದರು. "ಹೊಸದ್ರಲ್ಲಿ ನಿಮ್ಮ ಹಳೇ ಸಾಮಾನು ಒಂದೂ ಕೂರಲ್ಲ. ಟೀವಿಗೆ ಹೋಗೋ ಹಳದಿ ಪಿನ್ನೂ ಇಲ್ಲ. ಇದು ಹಳೇದು, ಒಬ್ರು ತೆಗ್ಸಿದ್ದು. ನಿಮ್ಮದಕ್ಕೆ ಸರಿಯಾಗಿ ಕೂರತ್ತೆ."

"ಚೆನ್ನಾಗಿದ್ರೆ ಅವ್ರು ಯಾಕೆ ತೆಗ್ಸಿದ್ರು?"

"ಅವರಿಗೆ ಹೊಸಾದು ಬೇಕಿತ್ತು ಸಾರ್."

"ಹೊಸಾದು ಅಷ್ಟು ಚೆನ್ನಾಗಿದ್ರೆ ನಂಗ್ಯಾಕೆ ಹಳೇದು ಕೊಡ್ತೀರಿ?"

ಅವರು ಬೋರ್ಡನ್ನು ತಮ್ಮ ಟೀವಿಗೆ ಹಚ್ಚಿ ತೋರಿಸಿದರು. ಚಿತ್ರ ಬಂತು.

"ಟೀವಿ ನಿಮ್ದು. ನಿಮ್ಮಾತು ಕೇಳತ್ತೆ" ಎಂದ ನನ್ನ ಮೈದುನ.

ನನಗೆ ತಲೆ ಕೆಟ್ಟಿತು. "ಅಲ್ಲಿ ಅವ್ವ ಉಪವಾಸ ಬಿದ್ದಿದಾರೆ. ನೀನಿಲ್ಲಿ ಇವ್ರನ್ನ ಕಟಕಟೆಗೆ ಹತ್ತಿಸ್ತಿದ್ದೀಯ. ತಗೊಂಡು ಏಳು!"

ಎದ್ದ. ಬೋರ್ಡನ್ನು ಅಂಗೈಯಲ್ಲಿ ತೂಗಿ, ಮೂಸಿ, "ತೇವ ಇದೆ" ಎಂದ.

"ಮನೆಯಲ್ಲಿ ಜೋಪಾನ ಸಾರ್, ಬಿಸ್ಲಲ್ಲಿ ಇಡ್ಬೇಡಿ" ಎಂದು ಅಂಗಡಿಯವರು ಒಂದು ಒಳ್ಳೆ ಮಾತು ಹೇಳಿದರು. ಅದೇ ತಪ್ಪಾಯಿತು. ಬಸ್ಸಿನಲ್ಲಿ ಮೈದುನ ನನ್ನ ಕಡೆ ಬಗ್ಗಿ, "ಬಿಸ್ಲು ಬೇಡ ಅಂತ ಯಾಕಂದ್ರು ಹೇಳಿ? ಒಣಗಿದ್ರೆ ಬಣ್ಣ ಬಯಲಾಗತ್ತಲ್ಲ, ಅದಕ್ಕೆ" ಎಂದ.

ಮರುದಿನ ನಾನು ಅತ್ತೆಗೆ ಮೈ ಒರೆಸಿ ಹೊರಗೆ ಬಂದು ನೋಡುತ್ತೇನೆ, ಅಂಗಳದಲ್ಲಿ ಹರವಿದ ಕಾಳುಮೆಣಸಿನ ನಡುವೆ ಮದರ್‌ಬೋರ್ಡು ಅಂಗಾತ ಮಲಗಿದೆ! ಗಂಟೆಗೊಮ್ಮೆ ಮೆಣಸು ಕೈಯಾಡಿಸುವಾಗ ಇವನು ಅದನ್ನೂ ಮಗುಚಿ ಹಾಕುತ್ತಿದ್ದ. ನಾನು ಅವನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಕೂತು ಜೋಡಿಸಿದ. ಗುಂಡಿ ಒತ್ತಿದರೆ ಚಿತ್ರವಿಲ್ಲ, ಕುಂಯ್ ಕುಂಯ್ ಎಂದು ಬರೀ ಕೂಗು.

"ನೋಡಿದ್ರಾ ಅತ್ತಿಗೆ! ಮೋಸ! ನಾನು ಹೇಳ್ಲಿಲ್ವಾ? ಈಗ್ಲೇ ಹೋಗಿ ಅವ್ರ ಅಂಗಡಿ ಮುಂದೆ ಕೂರ್ತೀನಿ."

ಅಷ್ಟು ವರ್ಷ ಅವನ ಜೊತೆ ಇದ್ದು ನನಗೂ ಅನುಮಾನ ಅಂಟಿತ್ತು. ಆದರೆ ನನ್ನ ಅನುಮಾನ ಅಂಗಡಿಯವರ ಮೇಲಲ್ಲ. ಟಾರ್ಚ್ ತರಿಸಿ ಬೋರ್ಡಿನ ಸಂದುಗಳಿಗೆಲ್ಲ ಬೆಳಕು ಬಿಟ್ಟೆ. "ಈ ಉದ್ದದ್ದು ಏನು?" ಎಂದೆ. ಅದು ರ್‍ಯಾಮ್ ಕೂರುವ ಸಂದಂತೆ. ರ್‍ಯಾಮ್ ತೆಗೆಸಿ ನೋಡಿದರೆ ತಳದಲ್ಲಿ ಮೆಣಸಿನ ಗೊಂಚಲಿನ ಒಂದು ಕಡ್ಡಿ ಚೂರು ಸಿಕ್ಕಿಕೊಂಡಿದೆ! ತಲೆಯ ಪಿನ್ನಿನಿಂದ ಎಬ್ಬಿಸಿ ಅವನ ಅಂಗೈಗೆ ಹಾಕಿದೆ.

"ತಗೋ. ಹಲ್ಲಲ್ಲಿ ಕಡ್ದು ನೋಡು, ತೇವ ಇದ್ಯಾ ಅಂತ."

ಈ ಸಲ ಗುಂಡಿ ಒತ್ತಿದಾಗ ಟೀವಿಯಲ್ಲಿ ಚಿತ್ರ ಬಂತು.

ಸಂಜೆ ಗಂಜಿ ಮಾಡಿದೆ. ಮೂರು ನಾಲ್ಕು ದಿನದಿಂದ ಹೊಟ್ಟೆಗೆ ಸೇರದ ಬಿ.ಪಿ. ಮಾತ್ರೆಯನ್ನು ಪುಡಿ ಮಾಡಿ ಅದರಲ್ಲಿ ಕಲಸಿದೆವು. ಕುಟ್ಟಿ ಕೊಟ್ಟವನು ಮೈದುನನೇ. ಅಕ್ಕ ಟೀವಿಯಲ್ಲಿ ಹೋಳಿಗೆ ಮುರಿದು, "ತಿನ್ನೇ, ನಾಚ್ಕೋಬೇಡ" ಎಂದರು. ಅತ್ತೆಯ ಬಾಯಿ ತೆರೆಯಿತು. ನಾನು ಚಮಚ ಹತ್ತಿರ ಒಯ್ದೆ. ಮೂಗು ಅರಳಿತು, ಬಾಯಿ ಮುಚ್ಚಿತು. ಅಕ್ಕ ಇನ್ನೊಮ್ಮೆ ಮುರಿದರು. ಇಲ್ಲ. ಅತ್ತೆ ಗಂಜಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಚಮಚ ಹಿಡಿದ ನನ್ನ ಕೈಯನ್ನು ತಾವೇ ಹಿಡಿದು ಮಗನ ಕಡೆಗೆ ತಿರುಗಿಸಿದರು.

"ನೀ ತಿನ್ನು ಮೊದ್ಲು."

ವರ್ಷದ ಮೇಲಾಗಿತ್ತು, ಅವರು ಅವನೊಡನೆ ಒಂದು ಮಾತು ಆಡಿ.

ಅದರಲ್ಲಿ ಏನಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಬಗ್ಗಿದ, ಬಾಯಿ ತೆರೆದ, ನುಂಗಿದ. ನುಂಗಿ, ನಲವತ್ತಾರು ವರ್ಷದ ಆ ಗಂಡಸು ಬಾಯಿಯನ್ನು ಆ ಎಂದು ದೊಡ್ಡದಾಗಿ ತೆರೆದು ತಾಯಿಗೆ ತೋರಿಸಿದ. ಅತ್ತೆ ಒಳಗೆಲ್ಲ ಇಣುಕಿ ನೋಡಿದರು. ಆಮೇಲೆ ತಾವು ಬಾಯಿ ತೆರೆದರು. ಬಟ್ಟಲು ಖಾಲಿಯಾಯಿತು.

"ಕಹಿ ಇದೆ ಅತ್ತಿಗೆ" ಎಂದು ಮೈದುನ ಎದ್ದು ಅಂಗಳಕ್ಕೆ ಹೋದ. ಅಲ್ಲಿ ಬಾಯಿ ಒರೆಸಿಕೊಂಡನೋ ಕಣ್ಣು ಒರೆಸಿಕೊಂಡನೋ, ನಾನು ನೋಡಲು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಗಂಜಿಗೆ ಮಾತ್ರೆ ಕಲಸುವ ಮೊದಲು ಅವನ ಪಾಲಿನ ಒಂದು ಚಮಚವನ್ನು ಬೇರೆ ತೆಗೆದಿಟ್ಟೆ. ಅದಕ್ಕೆ ಒಂದು ಚೂರು ಬೆಲ್ಲ ಹಾಕಿದೆ.