ತೋಳುಪಟ್ಟಿಯ ತುರಿಕೆ

ನೋವಾದರೂ 'ಏನೂ ಆಗಿಲ್ಲ' ಎನ್ನುವುದು ನಮ್ಮ ಮನೆತನದ ಆಸ್ತಿ. ಜಮೀನು ಪಾಲಾಗಿದೆ, ಇದು ಮಾತ್ರ ಎಲ್ಲರಿಗೂ ಇಡಿಯಾಗಿ ಬಂದಿದೆ. ಸೊರಬದ ನನ್ನ ಅಜ್ಜಿಗೆ ಹೊಸ ಡಾಕ್ಟರೊಬ್ಬರು ನರ ಸಿಗದೆ ಅಲ್ಲಲ್ಲಿ ಚುಚ್ಚಿ, "ನೋವಾಯ್ತಾ ಅಜ್ಜಿ?" ಎಂದು ಕೇಳಿದಾಗ ಅಜ್ಜಿ, "ಇಲ್ಲ ಕಣಪ್ಪ, ನೀ ಹೆದರ್ಕಬ್ಯಾಡ. ಮೊದ್ಲು ಬೆವರು ಒರಸ್ಕ" ಎಂದು ಅವರಿಗೇ ಧೈರ್ಯ ಹೇಳಿದ್ದಳು. ಶಿಕಾರಿಪುರದ ನಮ್ಮ ಮನೆಯಲ್ಲಿ ಅಪ್ಪನದೂ ಅದೇ ಜಾತಿ. ಹಲ್ಲುನೋವಿನಲ್ಲೂ ಬೀಗರ ಮನೆಯ ಚಕ್ಕುಲಿಯನ್ನು "ಭಾಳ ಚಲೋ ಆಗ್ಯಾವ್ರಿ" ಎಂದು ಹೊಗಳುತ್ತಾ ಕಣ್ಣೀರಿನೊಂದಿಗೆ ತಿಂದವರು.

ಇಂಥ ವಂಶದ ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಡೆನ್ಮಾರ್ಕಿನ ಒಂದು ಚಿಕ್ಕ ಕಂಪನಿಗೆ ಇಂಟರ್ನ್‌ಶಿಪ್ಪಿಗೆ ಹೋದೆ. ರೋಗಿಯ ನಾಡಿಬಡಿತ ಅಳೆಯುವ ಸಾಧನವನ್ನು ತೋಳಿಗೆ ಹಿಡಿದಿಡುವ ಪಟ್ಟಿಯ ವಿನ್ಯಾಸ ನನ್ನ ಕೆಲಸ. ಪಟ್ಟಿ ಸಿದ್ಧವಾದ ಮೇಲೆ ನಾನೇ ಅದನ್ನು ಕಟ್ಟಿಕೊಂಡು ಓಡಾಡಿ, ದಿನವೂ ಹೇಗಿತ್ತೆಂದು ಬರೆಯಬೇಕು. ಬಸ್ಸು ತಡವಾದದ್ದನ್ನೂ ತಾರೀಖು ಹಾಕಿ ದಿನಚರಿಯಲ್ಲಿ ಬರೆಯುವವಳಿಗೆ ಇದು ಹಬ್ಬ. ಸೋಮವಾರ: ತೊಂದರೆ ಇಲ್ಲ. ಮಂಗಳವಾರ: ತೊಂದರೆ ಇಲ್ಲ. ಬುಧವಾರ ಪಟ್ಟಿಯಡಿಯ ಚರ್ಮ ಕೆಂಪಾಗಿ ತುರಿಕೆ ಶುರುವಾಯಿತು. ಬರೆದೆ: ತೊಂದರೆ ಇಲ್ಲ. ಪಟ್ಟಿಯದು ನನಗೆ ಕೆಲಸ ಕಲಿಸುತ್ತಿದ್ದ ಇಂಗ್ರಿಡ್ ಮೇಡಂ ತಾವೇ ಹುಡುಕಿ ತಂದ ಬಟ್ಟೆ. ಅದು ತುರಿಸುತ್ತದೆ ಎನ್ನಲು ಬಾಯಿ ಬರುತ್ತದೆಯೇ? ಜೊತೆಗೆ ಶುಕ್ರವಾರದ ಸಭೆ ಒಪ್ಪಿದರೆ ಪಟ್ಟಿ ಆಸ್ಪತ್ರೆಯ ರೋಗಿಗಳ ತೋಳೇರುತ್ತಿತ್ತು. ನಾನು ಮಾಡಿದ ಪಟ್ಟಿ!

ಗುರುವಾರ ಸ್ಕೇಲನ್ನು ಅಂಗಿಯ ತೋಳಿನೊಳಗೆ ತೂರಿಸಿ ಕೆರೆದುಕೊಳ್ಳುವಾಗ ಸಿಕ್ಕಿಬಿದ್ದೆ.

"ಏನದು?" ಎಂದರು ಮೇಡಂ.

"ಏನಿಲ್ಲ."

ಅವರು ನನ್ನ ತೋಳನ್ನೂ ನೋಡಿದರು, ಬರಹವನ್ನೂ ನೋಡಿದರು. ಬೈಯಲಿಲ್ಲ. "ನೀನು ನನಗೆ ಮರ್ಯಾದೆ ಕೊಡುತ್ತಿದ್ದೀಯ, ರೋಗಿಗೆ ತುರಿಕೆ ಕೊಡುತ್ತಿದ್ದೀಯ" ಎಂದಷ್ಟೇ ಹೇಳಿ ಮುಲಾಮು ಹಚ್ಚಿದರು. ಆಮೇಲೆ ಕುರ್ಚಿ ಎಳೆದು ಕೂತು, "ಈಗ ಹೇಳು" ಎಂದರು.

ಪ್ರಶ್ನೆ ಕೇಳಿ, ಉತ್ತರಕ್ಕೆ ಅಷ್ಟು ಹೊತ್ತು ಕಾದವರನ್ನು ನಾನು ನೋಡಿರಲಿಲ್ಲ. ಬಾಯಿ ಬಿಟ್ಟ ಮೇಲೆ ಮಾತು ನಿಲ್ಲಲಿಲ್ಲ. ಬಟ್ಟೆ ತುರಿಸುತ್ತದೆ, ಬಕಲಿಗೆ ಕೂದಲು ಸಿಕ್ಕಿಕೊಳ್ಳುತ್ತದೆ, ನನ್ನ ಮೇಜಿನ ಹತ್ತಿರ ಚಳಿ, ಮಧ್ಯಾಹ್ನದ ಬ್ರೆಡ್ಡು ಅದಕ್ಕಿಂತ ತಣ್ಣಗೆ. ಅವರು ಎಲ್ಲವನ್ನೂ ಬರೆದುಕೊಂಡರು. ಶುಕ್ರವಾರ ಸಭೆಯಲ್ಲಿ ನಾನೇ ಎದ್ದು, ನನ್ನ ಪಟ್ಟಿ ಬೇಡ ಎಂದೆ. ಸಭೆ ಚಪ್ಪಾಳೆ ತಟ್ಟಿ, ಹೊಸದು ಮಾಡಲು ಸಮಯ ಕೊಟ್ಟಿತು.

ಫೋನಿನಲ್ಲಿ ಅಮ್ಮ ಗಾಬರಿಯಾದಳು. "ಯವ್ವಾ, ಅಷ್ಟ್ ದೂರ ಹೋಗಿ ಅವ್ರ ಬ್ರೆಡ್ ಚಲೋ ಇಲ್ಲ ಅಂದ್ಯಾ? ಏನ್ ತಿಳ್ಕಂಡ್ರೋ!"

"ಏನೂ ತಿಳ್ಕಳ್ಲಿಲ್ಲಮ್ಮ. ಹೀಟರ್ ತಂದಿಟ್ರು."

ಇಂಗ್ರಿಡ್ ಮೇಡಂ ಅವರ ಉಪಕಾರವನ್ನು ಇವತ್ತಿಗೂ ನೆನೆಯುತ್ತೇನೆ. ಅವರಿಗೆ ಮಾತ್ರ ಆ ಉಪಕಾರ ಸ್ವಲ್ಪ ದುಬಾರಿಯಾಯಿತು. ಮೆತ್ತನೆಯ ಹತ್ತಿಬಟ್ಟೆಯ ಹೊಸ ಪಟ್ಟಿಯನ್ನು ಆಫೀಸಿನವರೆಲ್ಲ ಕಟ್ಟಿಕೊಂಡು, 'ತೊಂದರೆ ಇಲ್ಲ' ಎಂದು ಬರೆದುಕೊಟ್ಟರು. ನಾನು ನಂಬಲಿಲ್ಲ. ಒಬ್ಬೊಬ್ಬರ ಮೇಜಿಗೂ ಹೋಗಿ, ಅಂಗಿ ಮಡಚಿಸಿ, ತೋಳನ್ನು ಬೆಳಕಿಗೆ ಹಿಡಿದು ನೋಡಿದೆ. ಮರುದಿನ ಮತ್ತೆ ನೋಡಿದೆ. ಕೊನೆಗೆ ಯಾರೋ ಮೇಡಂ ಬಳಿ ಹೋಗಿ, ಪಟ್ಟಿಯಿಂದ ಏನೂ ತೊಂದರೆಯಿಲ್ಲ, ಈ ಹುಡುಗಿಯಿಂದ ಇದೆ, ಅದನ್ನು ಎಲ್ಲಿ ಬರೆಯಬೇಕು ಎಂದು ವಿಚಾರಿಸಿದರಂತೆ.